ಕಾನೂನು ವಿದ್ಯಾರ್ಥಿಗಳು ನಮ್ಮ ಶಾಲೆಯ ಬಾಗಿಲಿಗೆ ಬರಲಿ



ನಮ್ಮ ಗಡಿಭಾಗದ ಯಾವುದೇ ಕನ್ನಡ ಶಾಲೆಯ ಬೀರು ತೆರೆದರೂ ಒಂದು ದಪ್ಪ ಕಟ್ಟು ಸಿಗುತ್ತದೆ. ವರ್ಷ ವರ್ಷವೂ ನಾವು ಮೇಲಿನವರಿಗೆ ಕೊಟ್ಟ ಮನವಿ ಪತ್ರಗಳ ನಕಲುಗಳು ಅವು. ಕನ್ನಡ ಉಪಾಧ್ಯಾಯರ ಹುದ್ದೆ ಖಾಲಿ ಇದೆ, ತುಂಬಿಕೊಡಿ. ಪಠ್ಯಪುಸ್ತಕಗಳನ್ನು ಜೂನ್ ತಿಂಗಳಲ್ಲೇ ಕಳಿಸಿಕೊಡಿ. ಮಕ್ಕಳ ಸಂಖ್ಯೆ ಕಡಿಮೆ ಎಂದು ತರಗತಿಯನ್ನು ಮುಚ್ಚಬೇಡಿ. ಒಕ್ಕಣೆ ಬೇರೆ ಬೇರೆ, ಸಾರ ಒಂದೇ. ಸಚಿವರು ಬಂದಾಗ ಹಾರ ಹಾಕಿ ಒಂದು ಪ್ರತಿ, ಅಧಿಕಾರಿ ಬದಲಾದಾಗ ಮತ್ತೊಂದು ಪ್ರತಿ. ಉತ್ತರ ಬಂದದ್ದನ್ನು ಬೆರಳುಗಳಲ್ಲೇ ಎಣಿಸಿಬಿಡಬಹುದು.

ಹೀಗೇಕೆ? ಅಧಿಕಾರಿಗಳ ಉದಾಸೀನ ಎಂದು ಹೇಳಿ ಸುಮ್ಮನಾಗುವುದು ಸುಲಭ. ಅದರಲ್ಲಿ ನಿಜವೂ ಇದೆ. ಆದರೆ ನಮ್ಮ ಕಡೆಯ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನವಿಗಳಲ್ಲಿ ನೋವು ಇರುತ್ತದೆ, ಲೆಕ್ಕ ಇರುವುದಿಲ್ಲ. ಅಭಿಮಾನ ಇರುತ್ತದೆ, ಕಾಯ್ದೆಯ ಕಲಂ ಇರುವುದಿಲ್ಲ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದಿರುವುದಿಲ್ಲ. ಪಡೆದಿದ್ದರೂ ಗಡುವು ಮುಗಿದ ಮೇಲೆ ಮೇಲ್ಮನವಿ ಹಾಕಿರುವುದಿಲ್ಲ. ಹಕ್ಕು ಕೇಳುವವನು ಕೈಯಲ್ಲಿ ದಾಖಲೆ ಹಿಡಿದು ನಿಲ್ಲಬೇಕು. ನಾವು ಇಷ್ಟು ಕಾಲ ಕೈಮುಗಿದು ನಿಂತಿದ್ದೇವೆ.

ಈ ಕೊರತೆಯನ್ನು ತುಂಬಬಲ್ಲ ಒಂದು ವರ್ಗ ನಮ್ಮ ಸುತ್ತಲೇ ಇದೆ. ಕರ್ನೂಲು, ಅನಂತಪುರ, ಬಳ್ಳಾರಿಗಳಲ್ಲಿ ಕಾನೂನು ಓದುತ್ತಿರುವ ಹುಡುಗ ಹುಡುಗಿಯರು ಇದ್ದಾರೆ. ಅವರನ್ನು ನಮ್ಮ ಶಾಲೆಗಳಿಗೆ ಕರೆಯಬೇಕು. ಭಾಷಣಕ್ಕೆ ಕರೆಯುವುದು ಬೇಡ, ದಾಖಲಾತಿ ರಿಜಿಸ್ಟರಿನ ಮುಂದೆ ಕೂರಿಸಲು ಕರೆಯೋಣ. ಈ ಸಂಚಿಕೆಯ ಮೂಲಕ ನಾವು ಮುಂದಿಡುವ ಮಾತು ಇಷ್ಟೇ.

ಮೊದಲು ನಮ್ಮ ಸ್ಥಿತಿಯನ್ನು ನೆನೆಯೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿಯೂ ಇತರ ತಾಲೂಕುಗಳೂ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಆದೋನಿ ತಾಲೂಕಿನ ಭಾಗವಾಗಿದ್ದ ಕೌತಾಳಂ ಹೀಗೆ ಕರ್ನೂಲು ಜಿಲ್ಲೆಯ ಊರಾಯಿತು. ಗಡಿ ಗೆರೆ ಸರಿದಾಡಿತು, ಮನೆಯ ಮಾತು ಸರಿದಾಡಲಿಲ್ಲ. ಶ್ರಾವಣದಲ್ಲಿ ಉರುಕುಂದ ಈರಣ್ಣ ಸ್ವಾಮಿಯ ಸನ್ನಿಧಿಗೆ ಬಂದು ನೋಡಿ, ತುಂಗಭದ್ರೆಯ ಆಚೆಯವರೂ ಈಚೆಯವರೂ ಒಂದೇ ಮಾತಿನಲ್ಲಿ ಹರಕೆ ಹೇಳಿಕೊಳ್ಳುತ್ತಾರೆ. ದೇವರ ಮುಂದೆ ನಡೆಯುವ ಕನ್ನಡ ಕಚೇರಿಯ ಮೇಜಿನ ಮುಂದೆ ಮಾತ್ರ ತಡವರಿಸುತ್ತದೆ.

ನಮ್ಮಂಥವರು ದೇಶದ ತುಂಬ ಇದ್ದಾರೆಂಬುದು ಸಂವಿಧಾನಕ್ಕೆ ಗೊತ್ತಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲೇ ಏಳನೆಯ ತಿದ್ದುಪಡಿ ಬಂತು. ಅದರಿಂದ 350-ಎ ಮತ್ತು 350-ಬಿ ವಿಧಿಗಳು ಸೇರಿದವು. ಮೊದಲನೆಯದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ. ಈ ಬಗ್ಗೆ ರಾಜ್ಯಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ಎರಡನೆಯದು, ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಬೇಕು, ಅವರ ವರದಿ ಸಂಸತ್ತಿನ ಮುಂದೆ ಬರಬೇಕು ಎನ್ನುತ್ತದೆ. ಇವಕ್ಕೆ ಮೊದಲೇ ಇದ್ದ 350ನೆಯ ವಿಧಿಯನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಯಾವುದೇ ಕುಂದುಕೊರತೆಯ ಬಗ್ಗೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ ಎಂದು ಅದು ಹೇಳುತ್ತದೆ.

ಹಿಂದೊಮ್ಮೆ ಒಂದು ಕಚೇರಿಗೆ ಕನ್ನಡದಲ್ಲಿ ಬರೆದ ಅರ್ಜಿ ಒಯ್ದಾಗ, ಇದನ್ನು ಓದುವವರು ಇಲ್ಲಿಲ್ಲ, ತೆಲುಗಿನಲ್ಲಿ ಬರೆಸಿಕೊಂಡು ಬನ್ನಿ ಎಂದು ಹಿಂದಿರುಗಿಸಿದರು. ಜೊತೆಗೆ ಬಂದಿದ್ದ ಪಾಲಕರು ನನ್ನ ಮುಖ ನೋಡಿದರು. ಬಿ.ಎಡ್. ಓದಿದ, ಇಪ್ಪತ್ತು ವರ್ಷದ ಹತ್ತಿರ ಪಾಠ ಹೇಳಿದ ನಾನು ಅಂದು ಬಾಯಿ ಬಿಡಲಿಲ್ಲ. 350ನೆಯ ವಿಧಿ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಜಗಳವಾಡುವ ಅಗತ್ಯವೇ ಇರಲಿಲ್ಲ. ಅರ್ಜಿಯ ತಲೆಯ ಮೇಲೆ ಆ ವಿಧಿಯ ಸಂಖ್ಯೆಯನ್ನು ಬರೆದು, ಸ್ವೀಕೃತಿ ಕೊಡಿ ಎಂದು ಕೇಳಿದ್ದರೆ ಸಾಕಾಗಿತ್ತು.

ಇನ್ನು ಸಂಖ್ಯೆಯ ವಿಷಯ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ಮಾತೃಭಾಷೆಯಲ್ಲಿ ಪಾಠ ಹೇಳುವ ಉಪಾಧ್ಯಾಯರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದದ್ದು. 1956ರ ಕೇಂದ್ರದ ಜ್ಞಾಪನ ಪತ್ರ ಅದನ್ನು ಒಪ್ಪಿತು, 1961ರ ಮುಖ್ಯಮಂತ್ರಿಗಳ ಸಮ್ಮೇಳನ ಮುಂದುವರಿಸಿತು. ಈ ಸೂತ್ರದ ಜೊತೆ ಇನ್ನೆರಡು ಏರ್ಪಾಡುಗಳಿವೆ. ಶಾಲೆ ತೆರೆಯುವ ಮೊದಲೇ ಪಾಲಕರ ಭಾಷಾ ಆಯ್ಕೆಯನ್ನು ಒಂದು ಮುಂಗಡ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ನಡುವೆ ಮಕ್ಕಳನ್ನು ಹೊಂದಿಸಿಕೊಳ್ಳಬೇಕು. ಅಂದರೆ ‘ನಿಮ್ಮಲ್ಲಿ ಏಳೇ ಮಕ್ಕಳು’ ಎಂದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಪಕ್ಕದ ಶಾಲೆಯಲ್ಲಿ ಎಷ್ಟು ಮಂದಿ ಎಂದು ಕೇಳಬೇಕು. ಮುಂಗಡ ರಿಜಿಸ್ಟರು ಎಲ್ಲಿ ಎಂದೂ ಕೇಳಬೇಕು. ನಮ್ಮಲ್ಲಿ ಎಷ್ಟು ಶಾಲೆಗಳು ಅಂಥ ರಿಜಿಸ್ಟರನ್ನು ಇಟ್ಟಿವೆ? ಉತ್ತರವನ್ನು ಓದುಗರಿಗೇ ಬಿಡುತ್ತೇನೆ.

ನಮ್ಮ ಸೀಮೆಯಲ್ಲಿ ಈ ರಿಜಿಸ್ಟರಿಗೆ ಜೀವದಷ್ಟು ಬೆಲೆ ಇದೆ. ಕೌತಾಳಂ, ಕೋಸಿಗಿ ಕಡೆಯ ಬಡವರು ಮಳೆ ಕೈಕೊಟ್ಟ ವರ್ಷ ‘ಸುಗ್ಗಿ’ಗೆ ಹೋಗುತ್ತಾರೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಗುಂಟೂರು ಸೀಮೆಗೆ, ಕೂಲಿಗಾಗಿ ಬೆಂಗಳೂರಿಗೆ. ಮನೆಗೆ ಬೀಗ, ಜೊತೆಯಲ್ಲಿ ಮಕ್ಕಳು. ಮುಂದಿನ ವರ್ಷದ ಲೆಕ್ಕ ಹಾಕಬೇಕಾದ ಬೇಸಿಗೆಯ ಹೊತ್ತಿಗೆ ಆ ಮಕ್ಕಳು ಊರಲ್ಲಿ ಇರುವುದಿಲ್ಲ. ಹಾಜರಿ ಪಟ್ಟಿಯಲ್ಲಿ ಸಾಲುಸಾಲಾಗಿ ಗೈರುಹಾಜರಿ. ಸಂಖ್ಯೆ ಕುಸಿಯಿತೆಂದು ಹುದ್ದೆ ಸರಿದಾಡುತ್ತದೆ. ಜೂನ್‌ನಲ್ಲಿ ಮಕ್ಕಳು ಹಿಂದಿರುಗುವಾಗ ಕನ್ನಡ ಉಪಾಧ್ಯಾಯರು ಇಲ್ಲ. ಬಡತನದಿಂದ ಊರು ಬಿಟ್ಟದ್ದಕ್ಕೆ ಭಾಷೆಯನ್ನು ದಂಡವಾಗಿ ಕಟ್ಟಬೇಕೇ? ಈ ಅನ್ಯಾಯ ನೀತಿಯದೂ ಹೌದು, ಲೆಕ್ಕದ್ದೂ ಹೌದು. ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸಬೇಕು.

ಹಾಗಾದರೆ ಉಪಾಧ್ಯಾಯರೇ ಏಕೆ ಮಾಡಬಾರದು? ಮಾಡಬಹುದಾದಷ್ಟು ಮಾಡುತ್ತಿದ್ದೇವೆ. ಆದರೆ ನಮ್ಮಲ್ಲಿ ಹೆಚ್ಚಿನವರು ಮಂಡಲ ಪರಿಷತ್ತು, ಜಿಲ್ಲಾ ಪರಿಷತ್ತು ಶಾಲೆಗಳ ನೌಕರರು. ನಡತೆ ನಿಯಮಗಳಿವೆ. ಸರ್ಕಾರದ ಆದೇಶದ ವಿರುದ್ಧ ನಾವು ರುಜು ಹಾಕಿದರೆ ವಿಷಯ ಪಕ್ಕಕ್ಕೆ ಸರಿದು ನಮ್ಮ ವರ್ಗಾವಣೆಯೇ ಚರ್ಚೆಯಾಗುತ್ತದೆ. ಪಾಲಕರಿಗೆ ಈ ತೊಡಕಿಲ್ಲ, ಆದರೆ ಅವರಿಗೆ ಕಾಯ್ದೆಯ ಭಾಷೆ ಗೊತ್ತಿಲ್ಲ. ಈ ಎರಡರ ನಡುವಿನ ಸೇತುವೆಯಾಗಿ ಕಾನೂನು ವಿದ್ಯಾರ್ಥಿ ಬೇಕು.

ಅವರನ್ನು ಕರೆಯುವುದು ಉಪಕಾರ ಬೇಡಿದಂತೆ ಎಂದು ಯಾರೂ ಭಾವಿಸಬೇಕಿಲ್ಲ. ಬಡವರಿಗೆ ಉಚಿತ ಕಾನೂನು ನೆರವು ಸಿಗಬೇಕೆಂಬ 39-ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದಕ್ಕೂ ಮುಂಚೆ, 1973ರಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಸಮಿತಿ ಈ ನೆರವಿನ ಕೆಲಸದಲ್ಲಿ ಕಾನೂನು ವಿದ್ಯಾರ್ಥಿಗಳಿಗೂ ಪಾತ್ರವಿರಬೇಕೆಂದು ಹೇಳಿತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕೇಂದ್ರಗಳನ್ನು ಬೆಳೆಸುವುದು ಆ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಪ್ರತಿ ಕಾನೂನು ಕಾಲೇಜಿನಲ್ಲೂ ಒಬ್ಬ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವು ಕೇಂದ್ರ ಇರಬೇಕು. 2011ರ ನಿಯಮಗಳು ಇನ್ನೂ ಮುಂದೆ ಹೋಗಿ, ಅಂತಿಮ ವರ್ಷದ ವಿದ್ಯಾರ್ಥಿಗಳು ದೂರದ ಹಳ್ಳಿಯೊಂದನ್ನು ದತ್ತು ತೆಗೆದುಕೊಂಡು ಶಿಬಿರ ನಡೆಸಬಹುದು, ಜನರ ಕಾನೂನು ಸಮಸ್ಯೆಗಳ ಸಮೀಕ್ಷೆ ಮಾಡಬಹುದು ಎನ್ನುತ್ತವೆ. ಅವರಿಗೆ ಹಳ್ಳಿ ಬೇಕು, ನಮಗೆ ಅವರು ಬೇಕು.

ಇನ್ನೊಂದು ಮಾತು. 1987ರ ಕಾಯ್ದೆಯ 12ನೆಯ ಕಲಂ ಪ್ರಕಾರ ಉಚಿತ ಕಾನೂನು ಸೇವೆಗೆ ಅರ್ಹರ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೂ ಮಹಿಳೆಯರೂ ಮಕ್ಕಳೂ ಇದ್ದಾರೆ. ನಮ್ಮ ತರಗತಿಯಲ್ಲಿ ಕುಳಿತ ಪ್ರತಿ ಮಗುವೂ, ಮನೆಯಲ್ಲಿರುವ ಪ್ರತಿ ತಾಯಿಯೂ ಈ ಸೇವೆಗೆ ಅರ್ಹರು. ಕರ್ನೂಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಲು ನಾವು ಕಾಣಿಕೆ ಹಿಡಿದು ಹೋಗಬೇಕಿಲ್ಲ.

ಕಾಗದದಿಂದ ಏನಾದೀತು ಎನ್ನುವವರಿಗೆ ಎರಡು ಉದಾಹರಣೆ ಸಾಕು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮಥುರಾ ಎಂಬ ಆದಿವಾಸಿ ಹುಡುಗಿಯ ಪ್ರಕರಣದ ತೀರ್ಪನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಆ ಪತ್ರವನ್ನು ಮಹಿಳಾ ಸಂಘಟನೆಗಳು ಬೀದಿಗೆ ಒಯ್ದವು. 1983ರಲ್ಲಿ ಅತ್ಯಾಚಾರದ ಕಾಯ್ದೆಯೇ ತಿದ್ದುಪಡಿಯಾಯಿತು. ಪಂಡಿತರ ಬರಹಕ್ಕೆ ಸಂಘಟನೆಯ ಬಲ ಕೂಡಿದ್ದರಿಂದಲೇ ಅದು ಫಲಿಸಿತು.

ಎರಡನೆಯದು ನಮ್ಮ ರಾಜ್ಯದ್ದೇ. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ 81 ಮತ್ತು 85ನೆಯ ಸಂಖ್ಯೆಯ ಆದೇಶಗಳಿಂದ, 2020-21ರಿಂದ ಸರ್ಕಾರಿ ಶಾಲೆಗಳ 1ರಿಂದ 6ನೆಯ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಲು ಹೊರಟಿತು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳ ಮೇಲೆ ಹೈಕೋರ್ಟು 2020ರ ಏಪ್ರಿಲ್ 15ರಂದು ಆ ಎರಡೂ ಆದೇಶಗಳನ್ನು ರದ್ದುಗೊಳಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಂ ಅಲ್ಲಿ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಬೇಕು ಎಂದು ಆ ಕಲಂ ಹೇಳುತ್ತದೆ. ಸಭೆಗಳಲ್ಲಿ ನಾವು ಸಾವಿರ ಸಲ ಹೇಳಿದ ಮಾತೇ ಅದು. ಕೋರ್ಟಿನಲ್ಲಿ ಕಲಂ ಸಂಖ್ಯೆಯ ಸಮೇತ ಹೇಳಿದಾಗ ಆದೇಶ ಬಿದ್ದುಹೋಯಿತು.

ಆದರೆ ಒಂದು ಎಚ್ಚರಿಕೆ. 2014ರ ಮೇ 6ರಂದು ಕರ್ನಾಟಕದ ಮಾಧ್ಯಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ಪಾಲಕರು, ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದಿತು. ನಮ್ಮಲ್ಲಿ ಹಲವರು ಆ ತೀರ್ಪಿನಿಂದ ಬೇಸರಗೊಂಡರು. ಬೇಸರವನ್ನು ಬದಿಗಿಟ್ಟು ಯೋಚಿಸಿದರೆ ಪಾಠ ಸ್ಪಷ್ಟ. ಆಯ್ಕೆ ಪಾಲಕರ ಕೈಯಲ್ಲಿರುವುದರಿಂದ ಪಾಲಕರ ಲಿಖಿತ ಒಪ್ಪಿಗೆಯೇ ನಮ್ಮ ಬಂಡವಾಳ. ‘ನನ್ನ ಮಗುವಿನ ಮಾತೃಭಾಷೆ ಕನ್ನಡ, ಅದಕ್ಕೆ ಕನ್ನಡದಲ್ಲೇ ಪಾಠ ಬೇಕು’ ಎಂದು ತಾಯಿಯೊಬ್ಬಳು ಹೆಬ್ಬೆಟ್ಟು ಒತ್ತಿದ ಕಾಗದ ನಮ್ಮ ನೂರು ಭಾಷಣಗಳಿಗಿಂತ ಭಾರ ತೂಗುತ್ತದೆ. ಒತ್ತುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಆಕೆಗೆ ಓದಿ ಹೇಳಬೇಕು. ಬೇಡ ಎಂದರೆ ಬಿಡಬೇಕು. ಬಲವಂತದ ಪಟ್ಟಿ ಮೊದಲ ವಿಚಾರಣೆಯಲ್ಲೇ ಹರಿದುಹೋಗುತ್ತದೆ.

ಈಗ ಕೆಲಸದ ಮಾತು. ವಿದ್ಯಾರ್ಥಿಗಳು ಬಂದರೆ ಏನು ಮಾಡಿಸಬೇಕು?

ಒಂದನೆಯದು, ಮನೆ ಮನೆಯ ಪಟ್ಟಿ. ಶಾಲಾ ನಿರ್ವಹಣಾ ಸಮಿತಿಯ ಸದಸ್ಯರೊಬ್ಬರ ಜೊತೆ ಕೇರಿ ಕೇರಿ ತಿರುಗಿ, ಮುಂಗಡ ಆಯ್ಕೆ ಪತ್ರ ಬರೆಸುವುದು. ಸುಗ್ಗಿಗೆ ಹೊರಡುವ ಮುನ್ನ, ದೀಪಾವಳಿಯ ಆಸುಪಾಸಿನಲ್ಲೇ ಇದು ಮುಗಿಯಬೇಕು. ಬೇಸಿಗೆಗೆ ಕಾದರೆ ಬೀಗ ಕಾಣಿಸೀತು, ಮನುಷ್ಯರು ಕಾಣಿಸರು.

ಎರಡನೆಯದು, ಹುದ್ದೆಗಳ ಲೆಕ್ಕ. ಮಂಜೂರಾದ ಕನ್ನಡ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಇರುವುದು ಯಾವ ದಿನದಿಂದ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವುದು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ನೆನಪಿರಲಿ, ಈ ಕಾಯ್ದೆಯಡಿ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ನಮ್ಮಲ್ಲಿ ತೆಲುಗಿನಲ್ಲಿ ಬರೆಯುವುದು ಸರಿ. ಕುಂದುಕೊರತೆಯ ಮನವಿಯನ್ನು ಮಾತ್ರ ಕನ್ನಡದಲ್ಲೇ, 350ನೆಯ ವಿಧಿಯನ್ನು ಹೇಳಿ ಕೊಡೋಣ.

ಮೂರನೆಯದು, ದೂರು. ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಂ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಇದೇ ಕಡತದ ಒಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿಗೂ ಹೋಗಬೇಕು. ಕೋರ್ಟು ಕಟ್ಟಕಡೆಯ ಮೆಟ್ಟಿಲು. ವಿದ್ಯಾರ್ಥಿಗಳು ವಕೀಲರಲ್ಲ, ಕೋರ್ಟಿನಲ್ಲಿ ವಾದಿಸಲಾರರು. ಆದರೆ ವಕೀಲರ ಕೈಗೆ ಕೊಡಬಹುದಾದ ಕಡತವನ್ನು ಅವರು ಸಿದ್ಧಪಡಿಸಬಲ್ಲರು.

ಇಲ್ಲಿ ಒಂದು ಭೇದವನ್ನು ಅವರಿಂದಲೇ ನಾವು ಕಲಿಯಬೇಕಿದೆ. 30ನೆಯ ವಿಧಿ ಅಲ್ಪಸಂಖ್ಯಾತರು ತಾವೇ ಸ್ಥಾಪಿಸಿ ನಡೆಸುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ನಮ್ಮ ಶಾಲೆಗಳು ಬಹುಪಾಲು ಸರ್ಕಾರದವು. ನಮಗೆ ಆಧಾರ 350-ಎ ಮತ್ತು ಶಿಕ್ಷಣ ಹಕ್ಕು ಕಾಯ್ದೆ. 350-ಎಯಲ್ಲಿ ‘ಪ್ರಯತ್ನಿಸಬೇಕು’ ಎಂಬ ಮೃದು ಮಾತಿದೆ, 10-40ರ ಸೂತ್ರವಂತೂ ಒಪ್ಪಂದ, ಕಾಯ್ದೆಯಲ್ಲ. ಆದ್ದರಿಂದಲೇ ಅಂಕಿ ಅಂಶ ಗಟ್ಟಿಯಾಗಿರಬೇಕು. ಆಧಾರ ಮೃದುವಾದಷ್ಟೂ ಕಡತ ಗಟ್ಟಿಯಾಗಬೇಕು.

ಬರುವವರಿಗೆ ನಮ್ಮ ಷರತ್ತುಗಳೂ ಇರಲಿ. ಒಂದು ದಿನ ಬಂದು, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು, ಕಾಲೇಜಿನ ವರದಿಗೆ ಎರಡು ಪುಟ ಬರೆದು ಮರೆಯುವ ಶಿಬಿರಗಳನ್ನು ನಾವು ನೋಡಿದ್ದೇವೆ. ಅದು ಬೇಡ. ಅವರ ಸೆಮಿಸ್ಟರ್ ಮುಗಿದರೂ ನಮ್ಮ ಸಮಸ್ಯೆ ಮುಗಿಯುವುದಿಲ್ಲ. ಆದ್ದರಿಂದ ಪ್ರತಿ ತಂಡದಲ್ಲಿ ಹಿರಿಯ ವಿದ್ಯಾರ್ಥಿಯ ಜೊತೆ ಒಬ್ಬ ಕಿರಿಯನೂ ಇರಲಿ, ಮರುವರ್ಷ ಅವನೇ ಮುಂದುವರಿಸಲಿ. ಕಾಲೇಜಿನ ಒಬ್ಬ ಅಧ್ಯಾಪಕರು ಹೊಣೆ ಹೊರಲಿ. ಮೂಲ ಕಡತ ಶಾಲೆಯ ಬೀರುವಿನಲ್ಲಿ, ಸಮಿತಿಯ ವಶದಲ್ಲೇ ಉಳಿಯಲಿ. ಅವರು ನಕಲು ಒಯ್ಯಲಿ. ಏನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನ ಪಾಲಕರದು. ಮಕ್ಕಳ ಹೆಸರು, ಜಾತಿ, ಮನೆಯ ಕಷ್ಟ ಪತ್ರಿಕೆಗೆ ಹೋಗಕೂಡದು.

ತಂಡ ಕಟ್ಟುವಾಗ ಬಳ್ಳಾರಿಯ ಒಬ್ಬರು, ಕರ್ನೂಲಿನ ಅಥವಾ ಅನಂತಪುರದ ಒಬ್ಬರು ಇರಲಿ ಎಂದು ನನ್ನ ಸಲಹೆ. ತಾಯಿಯ ಮಾತು ಕೇಳಲು ಕನ್ನಡ ಬೇಕು, ಸರ್ಕಾರದ ಆದೇಶ ಓದಲು ತೆಲುಗು ಬೇಕು. ನಮ್ಮ ಕೆಲಸ ತೆಲುಗಿನ ವಿರುದ್ಧ ಅಲ್ಲವೆಂಬುದು ಆ ಜೋಡಿಯನ್ನು ನೋಡಿದರೇ ಊರಿಗೆ ತಿಳಿಯುತ್ತದೆ. ನಾವು ಕೇಳುವ ಹಕ್ಕೇ ಬಳ್ಳಾರಿ, ಪಾವಗಡಗಳ ತೆಲುಗು ಮಕ್ಕಳಿಗೂ, ಆದೋನಿಯ ಉರ್ದು ಮಕ್ಕಳಿಗೂ ಇದೆ. ಅವರದನ್ನು ಅಲ್ಲಗಳೆದು ನಮ್ಮದನ್ನು ಕೇಳಲಾಗದು. ನಮ್ಮ ಜಿಲ್ಲೆಯ ಪೆದ್ದಪಾಡು ಗ್ರಾಮದಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿ, ಕಾನೂನು ಓದಿ, 1960ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದ ದಾಮೋದರಂ ಸಂಜೀವಯ್ಯನವರ ಹೆಸರನ್ನು ಇಂದು ವಿಶಾಖಪಟ್ಟಣದ ಕಾನೂನು ವಿಶ್ವವಿದ್ಯಾಲಯ ಹೊತ್ತಿದೆ. ಹಳ್ಳಿಯ ಬಡವರ ಮನೆಯಿಂದ ಬಂದ ಕಾನೂನು ಓದು ಏನು ಮಾಡಬಲ್ಲದೆಂದು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ.

ಕೆಲವರು ಹೇಳಬಹುದು, ಪಾಲಕರೇ ಇಂಗ್ಲಿಷ್ ಬೇಕೆನ್ನುವಾಗ ಈ ಓಡಾಟ ಯಾರಿಗಾಗಿ ಎಂದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಪಾಧ್ಯಾಯರಿಲ್ಲದ ಕನ್ನಡ ತರಗತಿಯನ್ನೂ ಉಪಾಧ್ಯಾಯರಿರುವ ಇನ್ನೊಂದು ತರಗತಿಯನ್ನೂ ಮುಂದಿಟ್ಟು ಆರಿಸಿಕೊಳ್ಳಿ ಎಂದರೆ ಅದು ಆಯ್ಕೆಯೇ? ಮೊದಲು ಕನ್ನಡ ತರಗತಿಗೆ ಉಪಾಧ್ಯಾಯರು ಬರಲಿ, ಪುಸ್ತಕ ಬರಲಿ; ಆಮೇಲೆ ಪಾಲಕರು ಆರಿಸಲಿ. ಅವರು ಆರಿಸಿದ್ದನ್ನು ನಾವು ಗೌರವಿಸೋಣ.

ಅತ್ತ ಕೂಸಿಗೆ ಹಾಲು ಎಂದು ಗಾದೆ. ನಾವು ಅತ್ತದ್ದು ಸಾಕಾಯಿತು. ಈ ಪತ್ರಿಕೆ ತಲುಪಿದ ವಾರದಲ್ಲೇ ಪ್ರತಿ ಶಾಲೆಯ ನಿರ್ವಹಣಾ ಸಮಿತಿ ಒಂದು ಸಭೆ ಸೇರಲಿ. ಹತ್ತಿರದ ಕಾನೂನು ಕಾಲೇಜಿನ ಪ್ರಾಂಶುಪಾಲರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಒಂದೊಂದು ಪತ್ರ ಬರೆಯಲಿ, ಸ್ವೀಕೃತಿ ಪಡೆಯಲಿ, ಅದರ ನಕಲನ್ನು ನಮಗೂ ಕಳಿಸಲಿ. ಬೀರುವಿನಲ್ಲಿರುವ ಆ ದಪ್ಪ ಕಟ್ಟಿನ ಪಕ್ಕದಲ್ಲಿ ಹೊಸದೊಂದು ಕಡತ ತೆರೆಯಲಿ. ಅದರ ಮೊದಲ ಹಾಳೆಯ ಮೇಲೆ ಮಕ್ಕಳ ಹೆಸರುಗಳಿರಲಿ. ಸುಗ್ಗಿಗೆ ಹೋದ ಮಗು ಹಿಂದಿರುಗಿ ಬಂದಾಗ ತನ್ನ ಹೆಸರು ಅಲ್ಲೇ ಇರುವುದನ್ನು ಕಾಣಬೇಕು, ಹೆಸರು ಕೂಗಲು ಕನ್ನಡ ಉಪಾಧ್ಯಾಯರೂ ಇರಬೇಕು.

- ಸಂಪಾದಕ